ಒಂದೇ ಸೈಟ್, ಮೂರು ಬಿಲ್

ಇವತ್ತು ನಮ್ಮೂರ ಪುರಸಭೆಯ ಸಾಮಾನ್ಯ ಸಭೆಗೆ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಮೂರು ಗಂಟೆ ಕೂತಿದ್ದು ಎದ್ದು ಬಂದೆ. ಬಂದಾಗಿನಿಂದ ತಲೆ ಬಿಸಿಯಾಗಿದೆ. ಊಟಕ್ಕೂ ಮನಸ್ಸಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆ ಎದುರಿನ ಖಾಲಿ ಸೈಟ್ ನಿಮಗೆಲ್ಲ ಗೊತ್ತು. ಮನೆಗೆ ಬಂದವರೆಲ್ಲ ಮೂಗು ಮುಚ್ಚಿಕೊಂಡೇ ಗೇಟ್ ತೆಗೆದಿದ್ದೀರಿ. ಹೋದ ಮಳೆಗಾಲದಲ್ಲಿ ಅಮ್ಮನಿಗೆ ಡೆಂಗಿ ಬಂದಾಗ ಆಸ್ಪತ್ರೆಗೆ ಬಂದು ಧೈರ್ಯ ಹೇಳಿದವರೂ ಇದ್ದೀರಿ. ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದೆ. ಅದರ ನಡುವೆ ಹಳೇ ಟೈರು, ಎಳನೀರು ಬುರುಡೆ, ಒಡೆದ ಕಮೋಡ್, ಮದುವೆ ಮನೆಯ ಎಂಜಲೆಲೆ, ಕೋಳಿ ಅಂಗಡಿಯ ಪುಕ್ಕ.

ಸಭೆಯ ಅಜೆಂಡಾದಲ್ಲಿ ಜಮಾ ಖರ್ಚು ಒಪ್ಪುವ ಬಗ್ಗೆ ಅಂತ ಒಂದೇ ಸಾಲು. ಅದರ ಜೊತೆಗೆ ಕೆಲವು ಹಾಳೆ ಪಟ್ಟಿ. ಬ್ಲೀಚಿಂಗ್ ಪೌಡರ್, ಬೀದಿ ದೀಪದ ಸಾಮಾನು, ಟ್ರ್ಯಾಕ್ಟರ್ ರಿಪೇರಿ, ಡೀಸೆಲ್, ಬೋರ್‌ವೆಲ್ ಮೋಟಾರ್ ರೀವೈಂಡಿಂಗ್, ಜೆಸಿಬಿ ಬಾಡಿಗೆ. ಗುಮಾಸ್ತರು ಓದಲು ಶುರು ಮಾಡಿದರು. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಒಬ್ಬರು 'ಓದಿ ಆಯ್ತು ಅಂತ ಬರ್ಕೊಳ್ಳಿ, ಮುಂದಿನ ವಿಷಯಕ್ಕೆ ಹೋಗಿ' ಅಂದರು. ಮೇಜು ತಟ್ಟಿದರು. ಮುಗಿಯಿತು.

ನನ್ನ ಪಕ್ಕದಲ್ಲಿದ್ದವರ ಕೈಲಿ ಆ ಪಟ್ಟಿ ಇತ್ತು, ಇಸ್ಕೊಂಡು ನೋಡಿದೆ. ನಮ್ಮ ಬೀದಿಯ ಹೆಸರು ಮೂರು ಕಡೆ ಇದೆ. 'ಖಾಲಿ ನಿವೇಶನದಲ್ಲಿ ಜಂಗಲ್ ಕಟಿಂಗ್ ಹಾಗೂ ತ್ಯಾಜ್ಯ ತೆರವು.' ಒಂದೇ ಸೈಟ್, ಒಂದು ವರ್ಷದೊಳಗೆ ಮೂರು ಸಲ. ಮೂರಕ್ಕೂ ಘಟನೋತ್ತರ ಮಂಜೂರಾತಿ. ಅಂದರೆ ಕೆಲಸ ಮೊದಲೇ ಮಾಡಿಸಿ ಆಗಿದೆ, ಸಭೆಯ ಒಪ್ಪಿಗೆ ಈಗ ಹಿಂದಿನಿಂದ ಬರುತ್ತಿದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಯಾರೋ ದುಡ್ಡು ತಿಂದರು ಅಂತ ನಾನು ಹೇಳುತ್ತಿಲ್ಲ. ಮೂರು ಸಲವೂ ಜೆಸಿಬಿ ಬಂದಿತ್ತು, ನಾನೇ ಕಣ್ಣಾರೆ ನೋಡಿದ್ದೇನೆ. ಪೌರಕಾರ್ಮಿಕ ಹೆಂಗಸರು ಬಿಸಿಲಲ್ಲಿ ನಿಂತು ಬರಿಗೈಲಿ ಗಾಜು ಆರಿಸಿದ್ದನ್ನೂ ನೋಡಿದ್ದೇನೆ. ನನ್ನ ಸಂಕಟವೇ ಅದು. ಕೆಲಸ ನಿಜವಾಗಿ ಆಗಿದೆ, ದುಡ್ಡು ನಿಜವಾಗಿ ಖರ್ಚಾಗಿದೆ, ತಿಂಗಳೊಪ್ಪತ್ತಿಗೆ ಕಸ ಅಲ್ಲೇ ವಾಪಸ್ ಬಂದಿದೆ. ಒಂದೇ ಜಾಗಕ್ಕೆ ಮೂರನೇ ಸಲ ಯಾಕೆ ಅಂತ ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಕೇಳಿದ್ದರೆ ದಾರಿ ಇತ್ತು. ಸೈಟಿನ ಮಾಲೀಕರಿಗೆ ನೋಟಿಸ್ ಕೊಟ್ಟು, ಅವರು ಮಾಡದಿದ್ದರೆ ತಾವೇ ಕ್ಲೀನ್ ಮಾಡಿಸಿ ಖರ್ಚು ವಸೂಲಿ ಮಾಡುವ ಅಧಿಕಾರ 1964ರ ಪುರಸಭೆಗಳ ಕಾಯ್ದೆಯಲ್ಲೇ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತಲ್ಲ, ಆಗ ಸೊಳ್ಳೆ ಮರಿ ಆಗೋಕೆ ಬಿಟ್ಟ ಪಟ್ಟಣದ ಖಾಲಿ ಸೈಟಿಗೆ 2,000 ರೂಪಾಯಿ ದಂಡ ಅಂತಲೂ ಹೇಳಿತು. ನಮ್ಮೆದುರಿನ ಸೈಟಿನ ಮಾಲೀಕರು ಬೇರೆ ಊರಲ್ಲಿದ್ದಾರೆ. ಅವರಿಗೆ ನೋಟಿಸ್ ಹೋಗಿದೆಯಾ? ದಂಡ ಹಾಕಿದ್ದಾರಾ? ಅವರ ಸೈಟನ್ನು ನಮ್ಮೆಲ್ಲರ ಕಂದಾಯದ ದುಡ್ಡಲ್ಲಿ ಮೂರು ಸಲ ಗುಡಿಸಿದ್ದಾರೆ, ನನಗೆ ಗೊತ್ತಿರುವುದು ಇಷ್ಟೇ.

ನಮ್ಮ ಬೀದಿಯಲ್ಲೇ ಒಬ್ಬರು ಹಿಂದೆ ಸದಸ್ಯರಾಗಿದ್ದರು, ನಾನು ಮಾಮ ಅಂತಲೇ ಕರೆಯುವುದು. ಹೊರಗೆ ಸಿಕ್ಕಾಗ ಹೇಳಿದರು, 'ನೋಡಮ್ಮ, ಒಂದೊಂದು ಬಿಲ್ಲಿಗೂ ಚರ್ಚೆ ಮಾಡ್ತಾ ಕೂತರೆ ಬೆಳಗಾಗತ್ತೆ. ಕರೆಂಟ್ ಬಿಲ್, ಸಂಬಳ ಇದನ್ನೆಲ್ಲ ನಿಲ್ಲಿಸೋಕಾಗತ್ತಾ?' ಸರಿ ಮಾಮ, ಸಂಬಳ ನಿಲ್ಲಿಸಬೇಡಿ, ನೀರಿನ ಮೋಟಾರ್ ಸುಟ್ಟರೆ ಸಭೆಗೆ ಕಾಯಬೇಡಿ. ಆದರೆ ಇವತ್ತಿನ ಮೂರು ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಬಸ್ ಸ್ಟ್ಯಾಂಡ್ ಹತ್ತಿರದ ಸರ್ಕಲ್ಲಿಗೆ ಯಾರ ಹೆಸರಿಡಬೇಕು ಅನ್ನುವುದಕ್ಕೇ ಹೋಯಿತು. ಹೊತ್ತಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಲ್ಲ ಬಿಲ್ ಬೇಡ, ಎರಡನೇ ಸಲ ಬಂದ ಜಾಗಗಳನ್ನು ಮಾತ್ರ ಓದಿ ಹೇಳಲಿ. ಹತ್ತು ನಿಮಿಷದ ಕೆಲಸ ಅಲ್ವಾ?

ಬೆಂಗಳೂರಿನ ಗೆಳತಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. 'ನಿಮ್ಮಲ್ಲಿ ಕೇಳೋಕೆ ಸದಸ್ಯರಾದರೂ ಇದ್ದಾರೆ ಕಣೇ' ಅಂದಳು. ನಿಜ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆ ಮಾಡುವವರೆಗೂ ಅಷ್ಟು ದೊಡ್ಡ ಊರಿನ ಖರ್ಚನ್ನು ಆಡಳಿತಾಧಿಕಾರಿಗಳೇ ಒಪ್ಪಿಕೊಂಡು ಬಂದರು. ಅವಳ ಮಾತು ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ, ಸಿಟ್ಟು ಇನ್ನೂ ಜಾಸ್ತಿ ಆಯಿತು. ನಮ್ಮಲ್ಲಿ ಓಟು ಹಾಕಿ ಕಳಿಸಿದವರು ಕುರ್ಚಿಯಲ್ಲಿ ಕೂತಿದ್ದಾರೆ, ಪಟ್ಟಿ ಅವರ ಕೈಯಲ್ಲೇ ಇದೆ, ಆದರೂ ಕೇಳುತ್ತಿಲ್ಲ.

ಇನ್ನೊಂದು ವಿಷಯ. ಹೇಳದೆ ಇದ್ದರೆ ಇಷ್ಟೆಲ್ಲ ಬರೆದಿದ್ದು ಸುಳ್ಳಾಗುತ್ತದೆ. ಆ ಸೈಟಿನಲ್ಲಿರುವ ಒಡೆದ ಕಮೋಡ್ ನಮ್ಮದು. ಬಾತ್‌ರೂಮ್ ಒಡೆಸಿದಾಗ ಗಾರೆಯವರು ಎಲ್ಲಿ ಹಾಕಲಿ ಅಂತ ಕೇಳಿದರು. ಅಲ್ಲೇ ಎದುರಿಗೆ ಹಾಕಪ್ಪಾ ಅಂದವಳು ನಾನೇ. ಅವತ್ತು ಅದು ತಪ್ಪು ಅಂತ ಅನ್ನಿಸಲೇ ಇಲ್ಲ. ಅಮ್ಮ ಐದು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಆ ಕಮೋಡಿನಲ್ಲಿ ನಿಂತ ಮಳೆನೀರೇ ಕಣ್ಮುಂದೆ ಬರುತ್ತಿತ್ತು. ಡೆಂಗಿ ಸೊಳ್ಳೆಗೆ ಕೊಳಚೆ ಬೇಕಿಲ್ಲ, ನಿಂತ ತಿಳಿನೀರು ಸಾಕು. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.

ಭಾನುವಾರ ಗೂಡ್ಸ್ ಆಟೋ ಕರೆಸಿ ಅದನ್ನು ಎತ್ತಿಸುತ್ತೇನೆ. ನಾಳೆ ಆರ್‌ಟಿಐ ಅರ್ಜಿ ಹಾಕುತ್ತೇನೆ, 10 ರೂಪಾಯಿ ಪೋಸ್ಟಲ್ ಆರ್ಡರ್ ತಂದಿಟ್ಟಿದ್ದೇನೆ. ಕೇಳುವುದು ಎರಡೇ. ಆ ಮೂರು ಬಿಲ್ಲಿನ ನಕಲು, ಮಾಲೀಕರಿಗೆ ಕೊಟ್ಟ ನೋಟಿಸಿನ ನಕಲು. 30 ದಿನದೊಳಗೆ ಉತ್ತರ ಕೊಡಬೇಕು. ಬಂದಿದ್ದನ್ನು ಇಲ್ಲೇ ಹಾಕುತ್ತೇನೆ. ಮುಂದಿನ ಸಾಮಾನ್ಯ ಸಭೆಗೆ ನಮ್ಮ ಬೀದಿಯವರು ಯಾರಾದರೂ ಬರುತ್ತೀರಾದರೆ ಕಾಮೆಂಟಿನಲ್ಲಿ ಹೇಳಿ, ಹಿಂದಿನ ಬೆಂಚಿನಲ್ಲಿ ಜಾಗ ಬೇಕಾದಷ್ಟಿದೆ.