ಕೊಳ್ಳಿದೆವ್ವ

ಪುನರ್ವಸು ಮಳೆ ಹಿಡಿದು ಆರನೇ ದಿನ. ತೀರ್ಥಹಳ್ಳಿ ತಾಲೂಕಿನ ನಮ್ಮೂರ ಶಾಲೆಯಲ್ಲಿ ಒಂಬತ್ತು ಕಂಪ್ಯೂಟರ್‌ಗಳನ್ನು ಸಾಲಾಗಿ ಕೂರಿಸಿ ಹೆಡ್ಮೇಡಂಗೆ ಹೇಳಿದೆ: "ಒಂದು ಸ್ವಿಚ್ ಒತ್ತಿದ್ರೆ ಸಾಕು ಮೇಡಂ, ಒಂಬತ್ತೂ ಒಟ್ಟಿಗೆ ಏಳ್ತಾವೆ."

ಇಂಥ ಮಾತನ್ನು ಮಳೆಗಾಲದಲ್ಲಿ ಆಡಬಾರದು.

ಆ ಕಂಪ್ಯೂಟರ್‌ಗಳು ಬೆಂಗಳೂರಿನ ಯಾವುದೋ ಆಫೀಸಿನವರು ಬೇಡವೆಂದು ದಾನ ಕೊಟ್ಟವು. ದಾನ ಕೊಡುವ ಮೊದಲು ತಮ್ಮ ಗುಟ್ಟು ಹೊರಹೋಗಬಾರದೆಂದು ಹಾರ್ಡ್‌ಡಿಸ್ಕ್ ಕಿತ್ತಿಟ್ಟುಕೊಂಡಿದ್ದರು. ಒಂಬತ್ತು ಹೊಸ ಡಿಸ್ಕ್ ತರಲು ಶಾಲೆಯಲ್ಲಿ ದುಡ್ಡಿಲ್ಲ. ಅದಕ್ಕೆ ನನ್ನ ತಲೆ ಓಡಿತು. ಒಂದೇ ಒಂದು ಗಟ್ಟಿ ಯಂತ್ರವನ್ನು ಸರ್ವರ್ ಮಾಡಿ ಯುಪಿಎಸ್‌ಗೆ ಕಟ್ಟುವುದು, ಈ ಒಂಬತ್ತೂ ಏಳುವಾಗ ಬೇಕಾದ ಫೈಲುಗಳನ್ನೆಲ್ಲ ವೈರಿನ ಮೂಲಕ ಅದರಿಂದಲೇ ಇಳಿಸಿಕೊಳ್ಳುವುದು. ಇದೇನು ನನ್ನ ಸಂಶೋಧನೆಯಲ್ಲ. ಪಿಎಕ್ಸ್‌ಇ ಅಂತ ಇಂಟೆಲ್‌ನವರು ತೊಂಬತ್ತರ ದಶಕದಲ್ಲೇ ರೂಢಿಗೆ ತಂದದ್ದು. ಆದರೆ ಊರಲ್ಲಿ ಹೇಳುವಾಗ ಇಂಟೆಲ್ ಹೆಸರು ಬಾಯಿಗೆ ಬರಲಿಲ್ಲ.

ಡಿಸ್ಕ್ ಇಲ್ಲದ ಕಂಪ್ಯೂಟರ್ ಕಣ್ಣು ಬಿಟ್ಟಾಗ ಅದಕ್ಕೆ ತನ್ನ ವಿಳಾಸವೂ ಗೊತ್ತಿರುವುದಿಲ್ಲ. ಕಾಡಲ್ಲಿ ದಾರಿ ತಪ್ಪಿದವರು ಕೂ ಹಾಕುತ್ತಾರಲ್ಲ, ಹಾಗೆ ವೈರಿನ ತುಂಬ ಕೂ ಹಾಕುತ್ತದೆ: "ನಾನ್ಯಾರು? ನನ್ನ ವಿಳಾಸ ಎಂತದು? ನನಗೆ ಬೇಕಾದ ಫೈಲು ಎಲ್ಲಿ ಸಿಗತ್ತೆ?" ಸರ್ವರ್‌ನಲ್ಲಿರುವ, ಡಿಎಚ್‌ಸಿಪಿ ಎಂಬ ವಿಳಾಸ ಹಂಚುವ ವ್ಯವಸ್ಥೆ ಓಗೊಟ್ಟು ವಿಳಾಸವನ್ನೂ ಫೈಲಿನ ಹೆಸರನ್ನೂ ಹೇಳಬೇಕು. ಅಷ್ಟಾದರೆ ಮುಂದಿನದು ಇಳಿಸಿಕೊಳ್ಳುವ ಕೆಲಸ.

ಸ್ವಿಚ್ ಒತ್ತಿದೆ. ಒಂಬತ್ತೂ ಕೂ ಹಾಕಿದವು. ಎರಡು ಎದ್ದವು. ಉಳಿದ ಏಳು ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ 'ಪಿಎಕ್ಸ್‌ಇ-ಇ53' ಎಂದು ಬರೆದು ಕೂತವು. ವಿಳಾಸವೇನೋ ಸಿಕ್ಕಿದೆ, ಫೈಲಿನ ಹೆಸರು ಮಾತ್ರ ಯಾರೂ ಹೇಳಲಿಲ್ಲ ಎಂದು ಅದರರ್ಥ. ಮದುವೆ ಮನೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿ, ಊಟದ ಪಂಕ್ತಿ ಯಾವ ಕಡೆ ಅಂತ ಹೇಳದೇ ಹೋದ ಹಾಗೆ.

ಎಲ್ಲ ಆರಿಸಿ ಮತ್ತೆ ಹಚ್ಚಿದೆ. ಈ ಸಲ ನಾಲ್ಕು ಎದ್ದವು, ಮೊದಲು ಎದ್ದಿದ್ದ ಎರಡು ಮಲಗಿದವು. ಮತ್ತೊಮ್ಮೆ ಮಾಡಿದಾಗ ಒಂದೇ ಒಂದು. ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಹುದು, ಮನಸ್ಸು ಬಂದಾಗ ಕೆಡುವುದರ ಜೊತೆ ಬಾಳುವುದು ಕಷ್ಟ. ವೈರಿನ ಮೇಲೆ ಅನುಮಾನ ಬಂತು. ಸರ್ವರ್ ಇದ್ದದ್ದು ಪಕ್ಕದ ಸ್ಟಾಫ್ ರೂಮಿನಲ್ಲಿ. ಅಲ್ಲಿಂದ ಬರುವ ವೈರನ್ನು ಮಾಡಿನ ಕೆಳಗೆ ಅಡಿಕೆ ದಬ್ಬೆಯೊಳಗೆ ಮಲಗಿಸಿದ್ದೆವು. ಏಣಿ ಹತ್ತಿ ಬೆರಳಾಡಿಸಿದೆ. ವೈರು ಒಣಗೇ ಇತ್ತು, ನಾನು ಕೆಳಗಿಳಿಯುವಷ್ಟರಲ್ಲಿ ಅಂಗಿ ಪೂರ್ತಿ ಒದ್ದೆ. ಆಮೇಲೆ ಇಲಿ ಮೇಲೆ ಅನುಮಾನ. ಆಮೇಲೆ ಏಳನೇ ಕ್ಲಾಸಿನ ಹುಡುಗರ ಮೇಲೆ, ಅವರು ಬಾಗಿಲಲ್ಲಿ ನಿಂತು ನಗುತ್ತಿದ್ದರು ಎಂಬ ಒಂದೇ ಕಾರಣಕ್ಕೆ.

ಅಟೆಂಡರ್ ಅಣ್ಣ ಕಷಾಯದ ಲೋಟ ಕೈಗಿತ್ತು ಸಾಲನ್ನೊಮ್ಮೆ ನೋಡಿದರು. "ಇದು ಕೊಳ್ಳಿದೆವ್ವದ ಕೆಲ್ಸ ಸಾರ್. ನೀವು ಕೂ ಹಾಕ್ತವೆ ಅಂದ್ರಲ್ಲ, ಬೇರೆ ಯಾರೋ ಓಗೊಡ್ತಿದಾರೆ. ದೀಪ ತೋರಿಸಿ ಗದ್ದೆಗೆ ಇಳಿಸೋದು ಅದೇ."

ನಾನು ನಕ್ಕೆ. ವಿಜ್ಞಾನ ಓದಿದವನು ನಗಬೇಕಾಗುತ್ತದೆ.

ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಅಷ್ಟು ಹೊತ್ತೂ ಮಾತಾಡದೆ ಪರದೆಗಳನ್ನೇ ನೋಡುತ್ತಿದ್ದವಳು ಹೇಳಿದಳು: "ಸಾರ್, ಮಧ್ಯ ಒಂದು ಸಾಲು ಬಂದು ಹೋಗತ್ತೆ. ಡಿಎಚ್‌ಸಿಪಿ ಐಪಿ ಅಂತ. ಏಳೋದ್ರಲ್ಲಿ 192.168.10.1 ಅಂತ ಬರತ್ತೆ. ಏಳದೇ ಇರೋದ್ರಲ್ಲಿ 192.168.1.1."

ಹತ್ತು ನನ್ನ ಸರ್ವರ್. ಒಂದು ಯಾರು?

ಕಷಾಯ ಗಂಟಲಲ್ಲೇ ನಿಂತಿತು. ಆ ಒಂದನ್ನು ನಾನು ಚೆನ್ನಾಗಿ ಬಲ್ಲೆ. ಪಾಸ್‌ವರ್ಡ್ ಬದಲಿಸಲು ವರ್ಷಕ್ಕೊಮ್ಮೆ ಅದರ ಬಾಗಿಲು ತಟ್ಟುತ್ತೇನೆ. ನಮ್ಮ ಮನೆಯ ವೈಫೈ ರೌಟರ್!

ಲೆಕ್ಕ ಹೀಗಿತ್ತು. ಕಂಪ್ಯೂಟರ್ ವೈರುಗಳನ್ನೆಲ್ಲ ಒಂದೆಡೆ ಕೂಡಿಸಲು ಶಾಲೆಯಲ್ಲಿದ್ದದ್ದು ಎಂಟು ತೂತಿನ ಒಂದು ನೆಟ್‌ವರ್ಕ್ ಸ್ವಿಚ್. ಸರ್ವರೂ ಸೇರಿ ನನಗೆ ಬೇಕಾದದ್ದು ಹತ್ತು ತೂತು. ಬೆಳಗ್ಗೆ ಹೊರಡುವಾಗ ಮನೆ ಗೋಡೆಯ ಮೇಲಿದ್ದ ರೌಟರ್ ಕಂಡಿತು. ಹಿಂದೆ ನಾಲ್ಕು ತೂತು. ಎರಡನ್ನೂ ಜೋಡಿಸಲು ಒಂದೊಂದು ತೂತು ಹೋದರೂ ಸರಿಯಾಗಿ ಹತ್ತು ಉಳಿಯುತ್ತದೆ ಎಂದು ಹಿಗ್ಗಿ ಕಿತ್ತು ಚೀಲಕ್ಕೆ ಹಾಕಿಕೊಂಡೆ. ತೂತಿನ ಜೊತೆ ಅದಕ್ಕೆ ಬಾಯಿಯೂ ಇದೆ, ಯಾರು ಕೂ ಹಾಕಿದರೂ ತಾನೇ ಓಗೊಟ್ಟು ವಿಳಾಸ ಹಂಚುತ್ತದೆ ಎಂಬುದು ಮರೆತೇ ಹೋಗಿತ್ತು. ನಮ್ಮ ಹಳೇ ಯಂತ್ರಗಳೋ, ಮೊದಲು ಓಗೊಟ್ಟವರ ಹಿಂದೆ ಹೊರಟೇಬಿಡುತ್ತಿದ್ದವು.

ಬೆಂಚಿನ ಕೆಳಗೆ ಬಗ್ಗಿದೆ. ಕತ್ತಲ ಮೂಲೆಯಲ್ಲಿ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು.

"ಎಂತ ಸಾರ್, ಸಿಕ್ತಾ ದೆವ್ವ?" ಎಂದರು ಅಣ್ಣ.

"ಲೂಸ್ ಕನೆಕ್ಷನ್" ಎಂದೆ, ಅದರ ಡಿಎಚ್‌ಸಿಪಿಯ ಬಾಯಿ ಮುಚ್ಚಿಸುತ್ತ.

ಈಗ ಒಂಬತ್ತೂ ದಾರಿಗೆ ಬಂದವು. ಆದರೆ ದಾರಿಗೆ ಬಂದವು ಅಂದೆನೇ ಹೊರತು ಎದ್ದವು ಅನ್ನಲಿಲ್ಲ. ಫೈಲು ಇಳಿಸುವ ಟಿಎಫ್‌ಟಿಪಿ ಎಂಬ ವ್ಯವಸ್ಥೆಯ ನಿಯಮ 1981ರದು, ಸ್ವಭಾವ ನನ್ನ ಅಜ್ಜಿಯದು. 512 ಬೈಟಿನ ಒಂದು ತುತ್ತು ಬಾಯಿಗಿಟ್ಟು, ಮಗು "ಹೂಂ, ನುಂಗಿದೆ" ಅನ್ನುವವರೆಗೆ ಮುಂದಿನ ತುತ್ತು ಎತ್ತುವುದಿಲ್ಲ. ಮೊದಮೊದಲು ಇದರಲ್ಲಿ ಒಂದು ಎಡವಟ್ಟೂ ಇತ್ತಂತೆ: ತುತ್ತು ತಡವಾಗಿ ಒಂದು ಹೂಂ ಎರಡು ಸಲ ಕೇಳಿಸಿದರೆ, ಅಲ್ಲಿಂದ ಮುಂದೆ ಫೈಲು ಮುಗಿಯುವವರೆಗೂ ಪ್ರತಿ ತುತ್ತೂ ಎರಡೆರಡು ಸಲ. ಅದನ್ನು 1989ರಲ್ಲಿ ತಿದ್ದಿದರು. ಅಜ್ಜಿಯನ್ನು ತಿದ್ದಲು ಯಾರಿಗೂ ಆಗಲಿಲ್ಲ.

ಎರಡೂ ಕಡೆಯವರು ಒಪ್ಪಿದರೆ ತುತ್ತು ದೊಡ್ಡದು ಮಾಡಿಕೊಳ್ಳಬಹುದು. ಸರ್ವರ್‌ನ ಸೆಟ್ಟಿಂಗಿಗೆ ನಾನು ಎಲ್ಲಿಂದಲೋ ನಕಲು ಹೊಡೆದ ಒಂದು ಸಾಲು ಅದನ್ನೂ ಬೇಡವೆಂದಿತ್ತು. ಫೈಲು 30 ಎಂಬಿ. ಅಂದರೆ ಒಬ್ಬೊಬ್ಬರಿಗೆ 61,440 ತುತ್ತು, ಒಂಬತ್ತು ಮಕ್ಕಳಿಗೆ ಐದೂವರೆ ಲಕ್ಷ, ಬಡಿಸುವವರು ಒಬ್ಬರೇ. ಮೇಡಂ ಪಟ್ಟಿ ಪುಸ್ತಕ ತಿದ್ದಿ ಮುಗಿಸಿದರು. ಮಕ್ಕಳು ಹಲಸಿನ ಹಪ್ಪಳ ತಿಂದು ಮುಗಿಸಿದರು. ಕೊನೆಗೂ ಒಂದರ ಹಿಂದೆ ಒಂದು ಪರದೆ ಬಣ್ಣ ತುಂಬಿಕೊಂಡವು. ಒಂಬತ್ತನೆಯದು ಎದ್ದಾಗ ಹುಡುಗರು ಹೋ ಎಂದು ಕೂಗಿದರು. ಮೂರು ನಿಮಿಷವಾಗಿರಬೇಕು, ಗುಡ್ಡದಾಚೆ ಎಲ್ಲೋ ಮರ ಬಿದ್ದ ಸದ್ದಾಯಿತು, ಕರೆಂಟು ಹೋಯಿತು. ಯುಪಿಎಸ್ ಮೇಲಿದ್ದ ಸರ್ವರ್ ಒಂದೇ ಉಣ್ಣುವವರಿಲ್ಲದೆ ಗುಂಯ್ ಅನ್ನುತ್ತಿತ್ತು.

"ನಾಳೆ ಬನ್ನಿ" ಎಂದರು ಮೇಡಂ, ಬೇಸರವಿಲ್ಲದೆ.

ನಮ್ಮ ಶಾಲೆಯಲ್ಲಿ ಮೊಬೈಲ್‌ಗೆ ಸಿಗ್ನಲ್ ಸಿಗುವುದು ಧ್ವಜಕಂಬದ ಹತ್ತಿರ ಮಾತ್ರ. ಕೊಡೆ ಬಿಚ್ಚಿ ಅಲ್ಲಿಗೆ ಬರುವಷ್ಟರಲ್ಲಿ ಜೇಬು ಟಣ್ ಟಣ್ ಎಂದು ಬಡಿದುಕೊಳ್ಳತೊಡಗಿತು. ಹೆಂಡತಿಯದು. ಮೊದಲನೇ ಮೆಸೇಜು: "ವೈಫೈ ಬರ್ತಿಲ್ಲ." ಎರಡನೆಯದು: "ಕಂಪನಿಗೆ ಕಂಪ್ಲೇಂಟ್ ಕೊಟ್ಟಿದೀನಿ, ಚೆನ್ನಾಗಿ ಬೈದೆ." ಮೂರನೆಯದು: "ಲೈನ್‌ಮ್ಯಾನ್ ಈ ಮಳೇಲಿ ಬಂದಿದಾನೆ ಪಾಪ. ರೌಟರ್ ಎಲ್ಲಿ ಅಂತ ಕೇಳ್ತಿದಾನೆ." ಅದರ ಕೆಳಗೆ ಹನ್ನೊಂದು ಮಿಸ್ಡ್ ಕಾಲ್.

ರಾತ್ರಿ ಹೊರಗಿಂದ ಯಾರಾದರೂ ಕರೆದರೆ ಮೂರು ಸಲ ಕರೆಯುವವರೆಗೆ ಓಗೊಡಬೇಡ, ದೆವ್ವವಾದರೆ ಮೂರನೇ ಸಲ ಕರೆಯುವುದಿಲ್ಲ ಎನ್ನುತ್ತಿದ್ದಳು ಅಜ್ಜಿ. ಹನ್ನೆರಡನೇ ಸಲ ರಿಂಗಾಯಿತು.