ಗೊತ್ತಿದ್ದದ್ದೇ ಬಿಡಿ

ಹೋಟೆಲಿನಲ್ಲಿ ಮೆನು ಕಾರ್ಡನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ನಾನು ಬಾಯಿ ತೆರೆಯುವ ಮೊದಲೇ ಮಗಳು ಮಾಣಿಗೆ ಹೇಳಿಬಿಟ್ಟಳು: "ಅಪ್ಪಂಗೆ ಸೆಟ್ ದೋಸೆ, ಸಾಗು ಸ್ವಲ್ಪ ಜಾಸ್ತಿ." ಆಮೇಲೆ ನನ್ನತ್ತ ತಿರುಗಿ, "ನೀನು ತುಂಬಾ ಪ್ರೆಡಿಕ್ಟಬಲ್ ಅಪ್ಪ" ಅಂದಳು.

ಬೈದಳೋ ಹೊಗಳಿದಳೋ, ದೋಸೆ ಮುಗಿದರೂ ತಿಳಿಯಲಿಲ್ಲ. ಮನೆಗೆ ಬಂದು ನಿಘಂಟು ತೆಗೆದರೆ 'ಊಹಿಸಬಹುದಾದ' ಅಂತಿತ್ತು. ಸರಿಯೇ. ಆದರೆ "ಅಪ್ಪ, ನೀನು ತುಂಬಾ ಊಹಿಸಬಹುದಾದವನು" ಅಂತ ಯಾವ ಮನೆಯಲ್ಲಿ ಯಾರು ಅಂದಾರು?

ಹಾಲಿನವನು, ನಲ್ಲಿ ನೀರು, ಏಳೂವರೆ ಬಸ್ಸು ಇವೆಲ್ಲ ಪ್ರೆಡಿಕ್ಟಬಲ್ ಆದರೆ ನಮ್ಮ ಪುಣ್ಯ. ಸಿನಿಮಾ ಕಥೆ ಹಾಗಾದರೆ ಟಿಕೆಟ್ ದುಡ್ಡು ದಂಡ. ಪದದ ತಲೆಗೆ ಒಂದು 'ಅನ್' ಕಟ್ಟಿ ನೋಡಿ: ಮೇಲಧಿಕಾರಿ ಅನ್‌ಪ್ರೆಡಿಕ್ಟಬಲ್ ಅಂದರೆ ರಜೆ ಕೇಳಲು ಭಯ, ಬೌಲರ್ ಅಂದರೆ ಚಪ್ಪಾಳೆ. ಮೈಸೂರಿನ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್ ಪ್ರೆಡಿಕ್ಟಬಲ್, ಅನ್‌ಪ್ರೆಡಿಕ್ಟಬಲ್ ಎರಡೂ ಆಗಿದ್ದರು. ಪೋಲಿಯೊದಿಂದ ಸೊರಗಿದ ಬಲಗೈಯಿಂದ ಹೊರಟ ಚೆಂಡು ಎತ್ತ ತಿರುಗೀತೆಂದು ಬ್ಯಾಟ್ಸ್‌ಮನ್‌ಗೆ ತಿಳಿಯುತ್ತಿರಲಿಲ್ಲ. 1971ರಲ್ಲಿ ಓವಲ್‌ನಲ್ಲಿ 38 ರನ್ ಕೊಟ್ಟು 6 ವಿಕೆಟ್ ಕಿತ್ತರು, ಇಂಗ್ಲೆಂಡ್ 101ಕ್ಕೆ ಮಗುಚಿತು. ಅವರೇ ಬ್ಯಾಟು ಹಿಡಿದು ಬಂದರೆ ಮಾತ್ರ ಮುಂದೇನೆಂದು ಇಡೀ ಮೈದಾನಕ್ಕೆ ಗೊತ್ತು. 58 ಟೆಸ್ಟ್, 242 ವಿಕೆಟ್, 167 ರನ್. ಕಿತ್ತ ವಿಕೆಟ್ಟಿನಷ್ಟೂ ರನ್ ಇಲ್ಲ!

ಪದದ ಬೇರು ಲ್ಯಾಟಿನ್‌ನಲ್ಲಿದೆ. 'ಪ್ರೇ' ಅಂದರೆ ಮುಂಚೆ, 'ಡೀಕೆರೆ' ಅಂದರೆ ಹೇಳುವುದು. ಎರಡೂ ಕೂಡಿದರೆ ಅಕ್ಷರಶಃ ನಮ್ಮ 'ಮುನ್ನುಡಿ'. ನಮ್ಮಲ್ಲಿ ಅದು ಹೋಗಿ ಪುಸ್ತಕದ ಮುಂದೆ ಕೂತುಬಿಟ್ಟಿದೆ. (ಅದರೊಳಗೆ ಏನಿರುತ್ತದೆಂದು ಓದದೆಯೂ ಹೇಳಬಹುದು, ಆ ಮಾತು ಬೇರೆ.)

ಇಷ್ಟಕ್ಕೂ ನಮ್ಮ ಅಜ್ಜಿಗೆ ಈ ಪದದ ಅಗತ್ಯವೇ ಬೀಳಲಿಲ್ಲ. ಸಾರು ಉಕ್ಕಲಿ, ಸಂಬಂಧ ಮುರಿಯಲಿ, "ಗೊತ್ತಿದ್ದದ್ದೇ ಬಿಡು, ನಾನು ಆವತ್ತೇ ಹೇಳಿರ್ಲಿಲ್ವಾ?" ಆವತ್ತು ಹೇಳಿದ್ದನ್ನು ಕೇಳಿದವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಲ್ಯಾಟಿನ್‌ನವರು ಮುಂಚೆ ನುಡಿದದ್ದನ್ನು ಅವಳು ಎಲ್ಲ ಮುಗಿದ ಮೇಲೆ ನುಡಿಯುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಕಳೆದ ಭಾನುವಾರ ಮತ್ತೆ ಅದೇ ಹೋಟೆಲಿಗೆ ಹೋದೆವು. ಮೆನು ಮುಟ್ಟದೆ, ಮಗಳಿಗೆ ಅವಕಾಶವನ್ನೇ ಕೊಡದೆ, "ರವೆ ಇಡ್ಲಿ" ಅಂದೆ. ಮಾಣಿ ತಲೆ ಕೆರೆದುಕೊಂಡ.

"ನೀವು ಬಾಗಿಲಲ್ಲಿ ಕಂಡಾಗ್ಲೇ ಸೆಟ್ ದೋಸೆ ಹೇಳಿಬಿಟ್ಟೆ ಸಾರ್."