ಕಾಪಿ-ಪೇಸ್ಟ್ ಮಾಡಿ ಅಂದರೆ ಮುಗಿಯಿತೇ?

ಹಳೆ ಡಿಸ್ಕಿನ ಡೇಟಾ ಹೊಸದಕ್ಕೆ ಸಾಗಿಸುವುದು ಹೇಗೆ ಎಂದು ಕೇಳಿ ನೋಡಿ, "ಕಾಪಿ ಮಾಡಿ, ಅಷ್ಟೇ" ಅನ್ನುತ್ತಾರೆ. ಅಷ್ಟೇ ಅಲ್ಲ ಕಣ್ರೀ! ಲಿನಕ್ಸ್‌ನಲ್ಲಿ ನಕಲು ಮಾಡುವ ಆದೇಶವಾದ 'ಸಿಪಿ'ಗೆ ಬರೀ '-ಆರ್' ಕೊಟ್ಟರೆ ಕಡತಗಳ ಹಳೆಯ ದಿನಾಂಕಗಳೇ ಹೋಗಿಬಿಡುತ್ತವೆ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸಿದರೆ ಎಲ್ಲದರ ಒಡೆತನವೂ ರೂಟ್‌ನದಾಗುತ್ತದೆ. ಅವೆಲ್ಲ ಉಳಿಯಬೇಕಾದರೆ '-ಎ' ಬೇಕು.

ನಕಲಿಸುವ ಇನ್ನೊಂದು ಸಾಧನವಾದ ಆರ್‌ಸಿಂಕ್ ಒಳ್ಳೆಯದೇ, ನನ್ನ ಮೊದಲ ಆಯ್ಕೆಯೂ ಅದೇ. ಆದರೆ ಅಲ್ಲಿ '-ಎ' ಹಾಕಿದರೂ ಹಾರ್ಡ್‌ಲಿಂಕ್‌ಗಳು (ಒಂದೇ ಕಡತಕ್ಕಿರುವ ಹಲವು ಹೆಸರುಗಳು) ಉಳಿಯುವುದಿಲ್ಲ, ಅದಕ್ಕೆ ದೊಡ್ಡಕ್ಷರದ '-ಎಚ್' ಬೇರೆ ಬೇಕು. ಅದನ್ನು ಯಾರೂ ಹೇಳುವುದೇ ಇಲ್ಲ! ಹಾರ್ಡ್‌ಲಿಂಕ್ ಆಧಾರದ ಬ್ಯಾಕಪ್ ಇದ್ದರೆ ಒಂದೇ ಕಡತ ಹತ್ತಾರು ಪ್ರತಿಗಳಾಗಿ ಹೊಸ ಡಿಸ್ಕ್ ತುಂಬಿಹೋಗುತ್ತದೆ. ಇನ್ನು ಇದರಲ್ಲೇ, ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ (/) ಇದ್ದರೆ ಒಳಗಿನದಷ್ಟೇ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ.

ಇನ್ನು ಎಲ್ಲಕ್ಕೂ ಡಿಸ್ಕನ್ನು ಇದ್ದಂತೆಯೇ ನಕಲಿಸುವ 'ಡಿಡಿ' ಆದೇಶ ಹೊಡೆಯಿರಿ ಅನ್ನುವವರ ಮಾತು ಕೇಳಿದರೆ ಮೈ ಉರಿಯುತ್ತದೆ. ಅದು ಖಾಲಿ ಜಾಗವನ್ನೂ ಬಿಡದೆ ನಕಲಿಸುತ್ತದೆ, ಗುರುತಿನ ಸಂಖ್ಯೆಯಾದ ಯುಯುಐಡಿಯನ್ನೂ ಸಹ. ಆಮೇಲೆ ಎರಡೂ ಡಿಸ್ಕ್ ಜೋಡಿಸಿದಾಗ ಗುರುತು ಒಂದೇ ಆದ್ದರಿಂದ, ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಎರಡನೆಯದನ್ನು ಮೌಂಟ್ ಮಾಡಲು, ಅಂದರೆ ಬಳಕೆಗೆ ತೆರೆಯಲು, ಒಪ್ಪುವುದಿಲ್ಲ.

ಸಲಹೆ ಕೊಡುವ ಮುನ್ನ ಫೈಲ್‌ಸಿಸ್ಟಮ್ ಯಾವುದು, ನಕಲಿಸುವಾಗಲೇ ಕಡತ ಬದಲಿಸುವ ಡೇಟಾಬೇಸ್ ಓಡುತ್ತಿದೆಯೇ ಎಂದಾದರೂ ಕೇಳಬಾರದೇ?